ಒಂದು ವರ್ಷವಾಯಿತು, ನನ್ನ ಬಾಸ್ ಮೀನು ಒಂದೂಕಾಲು ಪೌಂಡು ದಾಟಿಲ್ಲ. ಏನು ಬದಲಿಸಬೇಕು?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಡಾಲಸ್‌ನ ಉತ್ತರಕ್ಕೆ, ಲೂಯಿಸ್‌ವಿಲ್ ಜಲಾಶಯದಿಂದ ಹದಿನೈದು ನಿಮಿಷದ ದಾರಿಯಲ್ಲಿ ನನ್ನ ಮನೆ. ಚಿಕ್ಕಂದಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರ ಕೆರೆಯಲ್ಲಿ ಬಿದಿರು ಕೋಲು, ತಂಗೂಸಿ, ಎರೆಹುಳು ಹಿಡಿದು ಗಾಳ ಹಾಕುತ್ತಿದ್ದೆ. ಇಪ್ಪತ್ತು ವರ್ಷ ಬಿಟ್ಟು ಹೋಗಿದ್ದ ಚಟ ಇಲ್ಲಿಗೆ ಬಂದ ಮೇಲೆ ಮತ್ತೆ ಹತ್ತಿಕೊಂಡಿತು. ಈಗ ಮನಸ್ಸೆಲ್ಲ ಲಾರ್ಜ್‌ಮೌತ್ ಬಾಸ್ ಎಂಬ ಇಲ್ಲಿನ ಸಿಹಿನೀರಿನ ಬೇಟೆಗಾರ ಮೀನಿನ ಮೇಲೆ.

ವರ್ಷದ ಲೆಕ್ಕ ಹೇಳುತ್ತೇನೆ, ನಗಬೇಡಿ. ಸಿಕ್ಕಿದ್ದು ನಲವತ್ತರ ಹತ್ತಿರ. ಎಲ್ಲವೂ ಮರಿಗಳು, ದೊಡ್ಡದೆಂದರೆ ಒಂದೂಕಾಲು ಪೌಂಡು. ಅದೇ ಅವಧಿಯಲ್ಲಿ ಕೊಂಡ ಲ್ಯೂರ್‌ಗಳು, ಅಂದರೆ ಕೃತಕ ಆಮಿಷಗಳು, ನೂರಾ ಹತ್ತೊಂಬತ್ತು. ಎಣಿಸಿದವಳು ನನ್ನ ಹೆಂಡತಿ. ಸ್ಪಿನ್ನರ್‌ಬೇಟ್, ಕ್ರಾಂಕ್‌ಬೇಟ್, ಕಪ್ಪೆ, ಜಿಗ್, ನಾಲ್ಕು ಬಣ್ಣದ ಪ್ಲಾಸ್ಟಿಕ್ ಹುಳು, ಎಲ್ಲ ಇದೆ. ಕೋಲು ಒಂದೇ: 7 ಅಡಿಯ ಮೀಡಿಯಂ ಸ್ಪಿನ್ನಿಂಗ್.

ಮೂರು ಪ್ರಶ್ನೆಗಳಿವೆ. ಮುಂದಿನ ಹೆಜ್ಜೆಗೆ ಬೇಟ್‌ಕಾಸ್ಟರ್ ಎಂಬ ಇನ್ನೊಂದು ಬಗೆಯ ರೀಲ್ ಕೊಳ್ಳಲೇಬೇಕೇ? ಈ ಜುಲೈ ಬಿಸಿಲಿನಲ್ಲಿ ಒಂಬತ್ತು ಗಂಟೆಯ ಮೇಲೆ ಒಂದೂ ಕಚ್ಚುವುದಿಲ್ಲ, ಮೀನೆಲ್ಲ ಎಲ್ಲಿಗೆ ಹೋಗುತ್ತವೆ? ಕೊನೆಯದಾಗಿ, ಏನೋ ಜಗ್ಗಿದಂತಾಗಿ ನಾನು ಎಳೆದರೆ ಖಾಲಿ ಕೊಕ್ಕೆ ಬರುತ್ತದೆ. ಹತ್ತರಲ್ಲಿ ಏಳು ಸಲ ಹೀಗೆಯೇ.

ಕಾಯಕ್ ಕುಮಾರ

ಮೊದಲು ಆ ಡಬ್ಬಿ ಮುಚ್ಚಿ ಅಟ್ಟದ ಮೇಲಿಡಿ. ತಮಾಷೆಗೆ ಹೇಳುತ್ತಿಲ್ಲ. ನಾನೂ ಇದೇ ಊರಿನವನು, ಒಂಬತ್ತು ವರ್ಷದಿಂದ ಇದೇ ನೀರಿನಲ್ಲಿ ಗಾಳ ಹಾಕುತ್ತಿದ್ದೇನೆ. ಮೊದಲ ಎರಡು ವರ್ಷ ನನ್ನದೂ ನಿಮ್ಮದೇ ಕಥೆ. ಹತ್ತು ನಿಮಿಷಕ್ಕೊಂದು ಲ್ಯೂರ್ ಬದಲಿಸುವವನಿಗೆ ಯಾವುದೂ ಕೈಗೆ ಹತ್ತುವುದಿಲ್ಲ. ಮೀನು ಕಚ್ಚದಿದ್ದಾಗ ತಪ್ಪು ಲ್ಯೂರಿನದೋ, ಜಾಗದ್ದೋ, ಹೊತ್ತಿನದೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ.

ಎರಡೇ ಇಟ್ಟುಕೊಳ್ಳಿ. ಒಂದು, 5 ಇಂಚಿನ ಸೆಂಕೊ ಮಾದರಿಯ ಮೃದು ಪ್ಲಾಸ್ಟಿಕ್ ಹುಳು, ವ್ಯಾಕಿ ರಿಗ್ ಎಂದು ಕರೆಯುವ ಕಟ್ಟಿನಲ್ಲಿ. ಹುಳುವಿನ ನಟ್ಟನಡುವೆ ಒಂದು ರಬ್ಬರ್ ಉಂಗುರ ತೊಡಿಸಿ, ಅದರ ಕೆಳಗೆ ಕೊಕ್ಕೆ ಸಿಕ್ಕಿಸಿ. ತೂಕ ಏನೂ ಬೇಡ. ನೀರಿಗೆ ಬಿದ್ದ ಮೇಲೆ ಹುಳುವಿನ ಎರಡೂ ತುದಿ ನಡುಗುತ್ತ ನಿಧಾನವಾಗಿ ಇಳಿಯುತ್ತದೆ. ಮೀನು ಮರುಳಾಗುವುದು ಆ ನಡುಕಕ್ಕೇ. ಎರಡನೆಯದು ಟೆಕ್ಸಾಸ್ ರಿಗ್: ಗುಂಡಿನಾಕಾರದ ಕಾಲು ಔನ್ಸ್ ತೂಕ, 3/0 ಅಗಲ ಕೊಕ್ಕೆ, ಉದ್ದನೆಯ ಹುಳು. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವುದರಿಂದ ಪಾಚಿ, ಬೊಡ್ಡೆ, ಕೊಂಬೆಗಳ ನಡುವೆ ಎಸೆದರೂ ಸಿಕ್ಕಿಕೊಳ್ಳುವುದು ಕಡಿಮೆ. ತೂಕ ಟಂಗ್‌ಸ್ಟನ್‌ನದಾದರೆ ಒಳ್ಳೆಯದು. ಅದು ಸೀಸಕ್ಕಿಂತ ಬಹಳ ಸಾಂದ್ರ, ಆದ್ದರಿಂದ ಅದೇ ತೂಕಕ್ಕೆ ಗಾತ್ರ ಚಿಕ್ಕದು. ಗಟ್ಟಿಯೂ ಆಗಿರುವುದರಿಂದ ತಳದ ಕಲ್ಲು ತಾಗಿದ್ದು, ಕೆಸರು ತಾಗಿದ್ದು ಬೇರೆ ಬೇರೆಯಾಗಿ ಬೆರಳಿಗೆ ತಿಳಿಯುತ್ತದೆ. ಬೆಲೆ ಮಾತ್ರ ಕಣ್ಣು ಕುಕ್ಕುತ್ತದೆ.

ಇನ್ನು ಬಿಸಿಲಿನ ವಿಷಯ. ಜುಲೈನಲ್ಲಿ ನಮ್ಮ ಜಲಾಶಯಗಳ ಮೇಲುನೀರು 85 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಕೆಳಗೆ ತಣ್ಣಗಿದೆ, ಮೀನು ಪಾತಾಳಕ್ಕೆ ಇಳಿದಿರಬೇಕು ಎಂದುಕೊಂಡು ತೀರ ಆಳಕ್ಕೆ ಎಸೆಯುವವರು ಬಹಳ. ಆದರೆ ಬೇಸಿಗೆಯಲ್ಲಿ ನೀರು ಪದರಗಟ್ಟುತ್ತದೆ. ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ, ನಡುವೆ ಥರ್ಮೋಕ್ಲೈನ್ ಎಂಬ ತೆಳು ಪದರ. ಅದರ ಕೆಳಗಿನ ನೀರು ಮೇಲಿನದರೊಂದಿಗೆ ಬೆರೆಯುವುದಿಲ್ಲ, ಆಮ್ಲಜನಕ ತೀರಿಹೋಗಿರುತ್ತದೆ. ಬಾಸ್ ಅಲ್ಲಿ ನಿಲ್ಲಲಾರದು. ಆ ಪದರದ ಮೇಲೆ ಎಲ್ಲಿ ನೆರಳಿದೆ, ಎಲ್ಲಿ ಆಳ ಥಟ್ಟನೆ ಬದಲಾಗುತ್ತದೆ, ಅಲ್ಲಿ ನಿಂತಿರುತ್ತದೆ. ದಡದಿಂದ ಹಾಕುವವರಿಗೆ ಇದರರ್ಥ: ಬೆಳಕು ಹರಿಯುವ ಮುಂಚಿನ ಒಂದು ಗಂಟೆ, ಸಂಜೆಯ ಕೊನೆಯ ಒಂದು ಗಂಟೆ, ನಡುವೆ ದೋಣಿಕಟ್ಟೆ ಮತ್ತು ಸೇತುವೆಯ ನೆರಳು. ಮಿಕ್ಕ ಹೊತ್ತು ಮನೆಯಲ್ಲಿ ಮಲಗಿ.

ಬೇಟ್‌ಕಾಸ್ಟರ್ ಬಗ್ಗೆ ಸಂಜೆ ಬರೆಯುತ್ತೇನೆ. ಕಚೇರಿಯಲ್ಲಿದ್ದೇನೆ.

ಸಾರು ಪ್ರಿಯ

ಇಷ್ಟೆಲ್ಲ ಕಷ್ಟಪಟ್ಟು ಹಿಡಿದು ಮತ್ತೆ ನೀರಿಗೇ ಬಿಡುತ್ತೀರಲ್ಲ, ಅದು ಮಾತ್ರ ನನಗೆ ಇಂದಿಗೂ ಅರ್ಥವಾಗಿಲ್ಲ. ಒಂದು ಪೌಂಡಿನದು ಕಾವಲಿಗೆ ಹೇಳಿ ಮಾಡಿಸಿದ ಅಳತೆ.

ಕಾಯಕ್ ಕುಮಾರ

ತಿನ್ನಬಾರದೆಂದು ಯಾರೂ ಹೇಳಿಲ್ಲ ಮಹರಾಯರೇ. ಟೆಕ್ಸಾಸ್‌ನ ಸಾಮಾನ್ಯ ನಿಯಮದಂತೆ ಲಾರ್ಜ್‌ಮೌತ್ ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ ಐದು. ಇವರ ಮರಿಗಳು ಆ ಅಳತೆಗೆ ಬರುವುದಿಲ್ಲ. ಕಾವಲಿಗೆ ಹೊಂದಿದರೂ ಕಾನೂನಿಗೆ ಹೊಂದುವುದಿಲ್ಲ. ಕೆಲವು ಜಲಾಶಯಗಳಿಗೆ ಬೇರೆಯದೇ ಲೆಕ್ಕ. ಲೇಕ್ ಫೋರ್ಕ್‌ನಲ್ಲಿ 16 ಇಂಚಿನವರೆಗಿನದನ್ನು ಇಟ್ಟುಕೊಳ್ಳಬಹುದು, 24 ಇಂಚು ಮತ್ತು ಮೇಲಿನದು ದಿನಕ್ಕೆ ಒಂದೇ, ನಡುವಿನದೆಲ್ಲ ವಾಪಸ್ ನೀರಿಗೆ. ಹೊಸ ನೀರಿಗೆ ಹೋಗುವ ಮುಂಚೆ ಪಾರ್ಕ್ಸ್ ಆಂಡ್ ವೈಲ್ಡ್‌ಲೈಫ್ ಇಲಾಖೆಯ ಪುಟ ನೋಡಿಕೊಂಡೇ ಹೊರಡಬೇಕು.

ಮಹಾಸರೋವರ

ನಾನು ಮಿಶಿಗನ್‌ನವಳು. ನಮ್ಮಲ್ಲಿ ಹೆಚ್ಚು ಸ್ಮಾಲ್‌ಮೌತ್ ಎಂಬ ಇನ್ನೊಂದು ಜಾತಿಯ ಬಾಸ್, ಸೇಂಟ್ ಕ್ಲೇರ್ ಸರೋವರದಲ್ಲಿ. ಆದರೂ ಮೂರನೆಯ ಪ್ರಶ್ನೆಗೆ ನೀರು ಯಾವುದಾದರೂ ಉತ್ತರ ಒಂದೇ: ನೀವು ಜಗ್ಗುವಿಕೆಗಾಗಿ ಕಾಯುತ್ತಿದ್ದೀರಿ. ಊರ ಕೆರೆಯಲ್ಲಿ ಬೆಂಡು ಮುಳುಗುವುದನ್ನು ನೋಡಿ ಕಲಿತ ಕೈ ಅದು. ಬಾಸ್ ತಿನ್ನುವ ಬಗೆ ಬೇರೆ. ಅದು ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಕಚ್ಚುವುದಕ್ಕಿಂತ ಹೀರುವುದು ಹೆಚ್ಚು. ಇಷ್ಟವಾಗದಿದ್ದರೆ ಅಷ್ಟೇ ಬೇಗ ಉಗಿಯುತ್ತದೆ. ನಿಮ್ಮ ಕೈಗೆ ಜಗ್ಗು ಬರುವ ಹೊತ್ತಿಗೆ ಎಷ್ಟೋ ಸಲ ಅದು ಉಗಿದಾಗಿರುತ್ತದೆ.

ಕಣ್ಣು ದಾರದ ಮೇಲಿರಲಿ. ಲ್ಯೂರ್ ನೀರಿಗೆ ಬಿತ್ತು, ಇಳಿಯುತ್ತಿದೆ, ದಾರ ನೀರಿನ ಮೇಲೆ ಸಡಿಲವಾಗಿ ಸುರುಳಿ ಬಿಚ್ಚುತ್ತ ಒಳಗೆ ಹೋಗುತ್ತಿದೆ ಎಂದುಕೊಳ್ಳಿ. ನೀರಿಗೆ ಸೇರುವ ಜಾಗದಲ್ಲಿ ದಾರ ಒಮ್ಮೆ ಮಿಡಿದರೆ ಮೀನು. ಹತ್ತು ಎಣಿಸುವಷ್ಟು ಆಳವಿರುವ ಕಡೆ ನಾಲ್ಕಕ್ಕೇ ದಾರ ನಿಂತರೂ ಮೀನು. ಗಾಳಿ ಎಡಕ್ಕೆ ಬೀಸುತ್ತಿರುವಾಗ ದಾರ ಬಲಕ್ಕೆ ನಡೆದರೆ ಅನುಮಾನವೇ ಬೇಡ. ಈ ಮೂರರಲ್ಲಿ ಯಾವುದೂ ಕೈಗೆ ತಿಳಿಯುವುದಿಲ್ಲ.

ಕಂಡ ಕೂಡಲೇ ಕೋಲು ಜಾಡಿಸಬೇಡಿ. ಸಡಿಲ ದಾರವನ್ನು ಎಷ್ಟು ಜಾಡಿಸಿದರೂ ಸಡಿಲವೇ ಹೋಗುತ್ತದೆ, ಕೊಕ್ಕೆ ನಾಟುವುದಿಲ್ಲ. ಕೋಲಿನ ತುದಿಯನ್ನು ನೀರಿನ ಕಡೆ ತಗ್ಗಿಸಿ, ಎರಡು ಸುತ್ತು ರೀಲ್ ಸುತ್ತಿ, ಭಾರ ತಾಗಿದ ಮೇಲೆ ಎಳೆಯಿರಿ. ವ್ಯಾಕಿ ರಿಗ್‌ನ ಸಣ್ಣ ಕೊಕ್ಕೆಗೆ ಪಕ್ಕಕ್ಕೆ ಒಂದು ಗಟ್ಟಿ ಸೆಳೆತ ಸಾಕು. ಟೆಕ್ಸಾಸ್ ರಿಗ್‌ನಲ್ಲಿ ಮೊನೆ ಹುಳುವಿನ ಮೈಯನ್ನು ತೂರಿ ಬರಬೇಕಾದ್ದರಿಂದ ಅಲ್ಲಿ ಭುಜ ಹಾಕಬೇಕು. ಕ್ರಾಂಕ್‌ಬೇಟ್‌ನ ಮೂರು ಮೊನೆಯ ಕೊಕ್ಕೆಗೆ ಎಳೆಯುವುದೇ ಬೇಡ, ಸುತ್ತುತ್ತಲೇ ಇರಿ. ಎಳೆದರೆ ಬಾಯಿಯಿಂದ ಕಿತ್ತುಕೊಂಡು ಬರುತ್ತದೆ.

ಅಂದಹಾಗೆ ರೀಲಿನಲ್ಲಿ ಯಾವ ದಾರವಿದೆ? ಅದನ್ನು ಹೇಳಲೇ ಇಲ್ಲ.

ತುಂಗೆಯ ದಡ

ಅಕ್ಕಾ, ಕಾಲು ಎಳೆಯಬೇಡಿ. ಕೊಂಡಾಗ ಅಂಗಡಿಯವರು ಸುತ್ತಿಕೊಟ್ಟದ್ದೇ ಇದೆ. ಮೋನೊ, ಅಂದರೆ ಒಂಟಿ ಎಳೆಯ ನೈಲಾನ್ ಇರಬೇಕು. ತೆಗೆದರೆ ಸ್ಪ್ರಿಂಗಿನಂತೆ ಸುರುಳಿ ಸುರುಳಿಯಾಗಿ ಬರುತ್ತದೆ.

ಮಹಾಸರೋವರ

ಒಂದು ವರ್ಷ ಹಳೆಯ ಮೋನೊ! ನಿಮ್ಮ ಏಳು ಮೀನುಗಳಲ್ಲಿ ಮೂರನ್ನು ಆ ಸುರುಳಿಯೇ ತಿಂದಿದೆ. ಮೋನೊ ಹಿಗ್ಗುತ್ತದೆ, ಹಳತಾದಂತೆ ರೀಲಿನ ಆಕಾರವನ್ನೇ ನೆನಪಿಟ್ಟುಕೊಳ್ಳುತ್ತದೆ. ಸ್ಪಿನ್ನಿಂಗ್ ರೀಲಿಗೆ 10 ಪೌಂಡು ತಡೆಯುವ ಹೆಣೆದ ದಾರ ಸುತ್ತಿ. ಅದಕ್ಕೆ ಹಿಗ್ಗು ಇಲ್ಲ, ಸುರುಳಿಯೂ ಇಲ್ಲ. ಹೊಳೆಯುವ ಬಣ್ಣದ್ದಾದರೆ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ತುದಿಗೆ ಆರೇಳು ಅಡಿ 8 ಪೌಂಡಿನ ಫ್ಲೋರೋಕಾರ್ಬನ್ ದಾರ ಕಟ್ಟಿ. ಅದು ನೀರಿನಲ್ಲಿ ಎದ್ದು ಕಾಣುವುದಿಲ್ಲ, ಮುಳುಗುತ್ತದೆ, ಕಲ್ಲಿನ ಉಜ್ಜನ್ನೂ ತಡೆಯುತ್ತದೆ. ಎರಡು ದಾರ ಸೇರಿಸಲು ಡಬಲ್ ಯೂನಿ ಗಂಟು, ಕೊಕ್ಕೆಗೆ ಪಾಲೊಮಾರ್. ಗಂಟು ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಿ, ಒಣ ಫ್ಲೋರೋ ಉಜ್ಜಿದ ಬಿಸಿಗೇ ದುರ್ಬಲವಾಗುತ್ತದೆ. ಮಡಿಯವರು ಬಾಟಲಿ ನೀರು ಬಳಸಬಹುದು.

ಕಬಿನಿ ಮೇಷ್ಟ್ರು

ಮೈಸೂರಿನಿಂದ ಬರೆಯುತ್ತಿದ್ದೇನೆ. ನಿವೃತ್ತ, ಗಾಳ ಬಿಟ್ಟು ಬೇರೆ ಕೆಲಸವಿಲ್ಲ. ನಿಮ್ಮ ಬಾಸ್‌ನ ವಿಶ್ವದಾಖಲೆ ಎಷ್ಟು ಎಂದು ಹುಡುಕಿ ನೋಡಿದೆ. 22 ಪೌಂಡ್ 4 ಔನ್ಸ್, ಜಾರ್ಜಿಯಾದಲ್ಲಿ, 1932ರಲ್ಲಿ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬರು ಅದನ್ನು ಸರಿಗಟ್ಟಿದರಂತೆ. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್! ನಿಮ್ಮ ದಾಖಲೆಯ ಬಾಸ್ ಅದರ ಬಾಯಿಗೆ ಒಂದು ತುತ್ತು.

ಈಗ ಆ ಕಥೆ ಹೇಳಿಕೊಳ್ಳುವುದಷ್ಟೇ ನಮ್ಮ ಪಾಲು. ಕಾವೇರಿ ವನ್ಯಧಾಮದೊಳಗಿನ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ಬಿಡುವ ಗಾಳವೂ ನಿಂತು ವರ್ಷಗಳಾದವು. ಕಾವೇರಿಯ ಆ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನಾನು ಕೆರೆಗಳಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಎಸೆದುಕೊಂಡಿದ್ದೇನೆ. ಅದೂ ನಿಮ್ಮ ಬಾಸ್‌ನಂತೆ ಹೊಂಚು ಹಾಕುವ ಜಾತಿ. ಒಂದು ಯೋಚನೆ ಬಂತು: ಈ ಬಾಸ್ ಮರಿಗಳನ್ನು ತಂದು ನಮ್ಮ ಕೆರೆಗಳಿಗೆ ಬಿಟ್ಟರೆ ಹೇಗೆ? ಹುಡುಗರಿಗೆ ಆಟವಾಗುತ್ತದೆ.

ಮಹಾಸರೋವರ

ಮೇಷ್ಟ್ರೇ, ದಯವಿಟ್ಟು ಬೇಡ. ನೀವೇ ಹೇಳಿದ ಜಪಾನನ್ನು ನೋಡಿ. 1925ರಲ್ಲಿ ಆಶಿ ಸರೋವರಕ್ಕೆ ಆಟಕ್ಕೆಂದೇ ತಂದು ಬಿಟ್ಟರು. ಅದು ದೇಶವೆಲ್ಲ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ನುಂಗಿತು. 2005ರಲ್ಲಿ ಕಾನೂನು ಬಂದು, ಜೀವಂತ ಬಾಸ್ ಸಾಗಿಸುವುದೂ ಬಿಡುವುದೂ ಅಪರಾಧವಾಯಿತು. ನಮ್ಮ ಸೇಂಟ್ ಕ್ಲೇರ್‌ಗೂ 1990ರ ಹೊತ್ತಿಗೆ ಹಡಗುಗಳ ನೀರಿನೊಂದಿಗೆ ಗೋಬಿ ಎಂಬ ಹೊರಗಿನ ಸಣ್ಣ ಮೀನು ಬಂತು. ಸ್ಮಾಲ್‌ಮೌತ್ ಅದನ್ನೇ ತಿಂದು ಕೊಬ್ಬಿತು, ಗಾಳದವರಿಗೆ ಹಬ್ಬವಾಯಿತು. ಬೇರೆ ಮೀನುಗಳ ಮೊಟ್ಟೆಯನ್ನು ಆ ಗೋಬಿ ತಿನ್ನುವುದು ಹಬ್ಬದ ಲೆಕ್ಕಕ್ಕೆ ಬರುವುದಿಲ್ಲ.

ಕಬಿನಿ ಮೇಷ್ಟ್ರು

ಸರಿ ತಾಯಿ, ಯೋಚನೆ ವಾಪಸ್ ತೆಗೆದುಕೊಂಡೆ. ಕೊರವನೇ ಸಾಕು.

ಕಾಯಕ್ ಕುಮಾರ

ಈಗ ಬೇಟ್‌ಕಾಸ್ಟರ್. ಕೊಳ್ಳಲೇಬೇಕೇ ಎಂದರೆ, ಬೇಕಿಲ್ಲ. ಮೇಲೆ ಹೇಳಿದ ವ್ಯಾಕಿ ರಿಗ್‌ಗೆ ನಿಮ್ಮ ಸ್ಪಿನ್ನಿಂಗ್ ಕೋಲೇ ಸರಿ. ಹಗುರ ಲ್ಯೂರ್ ಅದರಲ್ಲೇ ದೂರ ಹೋಗುತ್ತದೆ. ಅರ್ಧ ಔನ್ಸ್ ಜಿಗ್ ಅಥವಾ ದಪ್ಪ ದಾರದಲ್ಲಿ ಪಾಚಿಯೊಳಗಿನಿಂದ ಮೀನು ಎಳೆಯುವ ಆಸೆ ಬಂದಾಗ ಮಾತ್ರ 7 ಅಡಿಯ ಮೀಡಿಯಂ ಹೆವಿ ಕೋಲು, ಗೇರ್ ಅನುಪಾತ 7:1 ಆಸುಪಾಸಿನ ರೀಲ್ ನೋಡಿ.

ಕೊಂಡ ದಿನವೇ ಅದನ್ನು ನೀರಿಗೆ ಒಯ್ಯಬೇಡಿ. ಸ್ಪಿನ್ನಿಂಗ್‌ನಲ್ಲಿ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ನಿಂತೇ ಇರುತ್ತದೆ, ದಾರ ಜಾರಿ ಹೋಗುತ್ತದೆ. ಇದರಲ್ಲಿ ಸ್ಪೂಲೇ ತಿರುಗುತ್ತದೆ. ಗಾಳಿಯಲ್ಲಿ ಹೋಗುತ್ತ ಲ್ಯೂರ್ ನಿಧಾನವಾದರೂ ಸ್ಪೂಲ್ ಅದೇ ವೇಗದಲ್ಲಿ ತಿರುಗಿದರೆ ಹೊರಗೆ ಹೋಗಲು ಜಾಗವಿಲ್ಲದ ದಾರ ಒಳಗೇ ಗೀಜಗನ ಗೂಡಾಗುತ್ತದೆ. ಅದನ್ನು ತಡೆಯುವುದು ನಿಮ್ಮ ಹೆಬ್ಬೆರಳು. ಗುಂಡಿಗಳು ಸಹಾಯಕ್ಕೆ ಮಾತ್ರ.

ಹಿತ್ತಿಲಲ್ಲಿ ನಿಂತು ಅರ್ಧ ಔನ್ಸ್ ತೂಕ ಕಟ್ಟಿ. ಹಿಡಿಯ ಪಕ್ಕದ ಬಿಗಿತದ ತಿರುಪನ್ನು, ಗುಂಡಿ ಒತ್ತಿದಾಗ ತೂಕ ನಿಧಾನವಾಗಿ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಷ್ಟು ಬಿಗಿ ಮಾಡಿ. ಇನ್ನೊಂದು ಬದಿಯ ಬ್ರೇಕ್ ಪೂರ್ತಿ ಏರಿಸಿ. ದೂರದ ಆಸೆ ಬೇಡ, ಎದುರಿನ ಮರಕ್ಕೆ ಸುಲಭವಾಗಿ ತೂಗಿ ಎಸೆಯಿರಿ. ತೂಕ ನೆಲ ಮುಟ್ಟುವ ಕ್ಷಣ ಮೊದಲು ಹೆಬ್ಬೆರಳು ಸ್ಪೂಲಿನ ಮೇಲೆ ಕೂರಬೇಕು. ಎಲ್ಲರೂ ತಪ್ಪುವುದು ಅಲ್ಲೇ. ನೂರು ಸಲ ಎಸೆದ ಮೇಲೆ ಬ್ರೇಕ್ ಒಂದು ಹಲ್ಲು ಇಳಿಸಿ. ಎದುರುಗಾಳಿಗೆ ಎಸೆಯುವ ಧೈರ್ಯ ಮೊದಲ ತಿಂಗಳು ಬೇಡ.

ಒಂದು ಉಪಾಯ: ನೀವು ಎಸೆಯಬಲ್ಲ ದೂರಕ್ಕಿಂತ ಹತ್ತು ಗಜ ಹೆಚ್ಚು ದಾರ ಹೊರಗೆ ಎಳೆದು, ಸ್ಪೂಲಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಮತ್ತೆ ಸುತ್ತಿಕೊಳ್ಳಿ. ಗೂಡಾದರೂ ಟೇಪಿನವರೆಗೆ ಮಾತ್ರ. ಆದಾಗ ಕೈಗೆ ಬಂದ ಎಳೆ ಎಳೆಯಬೇಡಿ. ಹೆಬ್ಬೆರಳನ್ನು ಸ್ಪೂಲಿನ ಮೇಲೆ ಗಟ್ಟಿಯಾಗಿ ಒತ್ತಿ, ಹಿಡಿಯನ್ನು ಎರಡು ಸುತ್ತು ತಿರುಗಿಸಿ, ಆಮೇಲೆ ದಾರವನ್ನು ಮೆಲ್ಲಗೆ ಹೊರಗೆಳೆಯಿರಿ. ಮುಕ್ಕಾಲು ಪಾಲು ಗೂಡು ಹೀಗೇ ಬಿಚ್ಚುತ್ತದೆ. ಉಳಿದ ಕಾಲು ಪಾಲಿಗೆ ಕತ್ತರಿ.

ಸಾರು ಪ್ರಿಯ

ಇಷ್ಟು ವಿದ್ಯೆ ಓದಿಗೆ ಹಾಕಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರ್ ಆಗುತ್ತಿದ್ದೆ. ಅದಿರಲಿ, ನಿಮ್ಮ ಲೇಕ್ ಫೋರ್ಕ್‌ನಲ್ಲಿ ಅಷ್ಟು ದೊಡ್ಡ ಮೀನು ಯಾಕೆ?

ಕಾಯಕ್ ಕುಮಾರ

ಒಳ್ಳೆಯ ಪ್ರಶ್ನೆ ಕೇಳಿದಿರಿ, ಅಡುಗೆಮನೆಯಿಂದ ಹೊರಬಂದು. 1980ರಲ್ಲಿ ಅಲ್ಲಿ ನೀರು ನಿಲ್ಲಿಸಿದಾಗ ಮರಗಳನ್ನು ಎಷ್ಟೋ ಕಡೆ ಕಡಿಯದೆ ಹಾಗೆಯೇ ಬಿಟ್ಟರು. ಇಂದಿಗೂ ಬೊಡ್ಡೆಗಳು ನೀರಿನಿಂದ ತಲೆ ಎತ್ತಿ ನಿಂತಿವೆ, ಬಾಸ್‌ಗೆ ಅದಕ್ಕಿಂತ ಅಡಗುತಾಣ ಬೇಕೇ. ಜೊತೆಗೆ ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯನ್ನು ಬಿಟ್ಟರು, ಮೇಲೆ ಹೇಳಿದ ಅಳತೆಯ ನಿಯಮವನ್ನೂ ತಂದರು. ರಾಜ್ಯದ ದಾಖಲೆ 18.18 ಪೌಂಡಿನ ಬಾಸ್ ಸಿಕ್ಕಿದ್ದು ಅಲ್ಲೇ, 1992ರ ಜನವರಿಯಲ್ಲಿ. ಹಿಡಿದವರು ಬಾಸ್‌ಗಾಗಿ ಬಂದವರಲ್ಲ. ಕ್ರಾಪಿ ಎಂಬ ಸಣ್ಣ ಮೀನಿಗೆ ಜೀವಂತ ಮರಿಮೀನು ಕಟ್ಟಿ ಕುಳಿತಿದ್ದರು. ನಮ್ಮಂಥ ಲ್ಯೂರ್ ಡಬ್ಬಿಯವರಿಗೆ ಇದಕ್ಕಿಂತ ಹೊಟ್ಟೆಯುರಿ ಬೇರೆ ಏನಿದೆ.

ಮತ್ತೊಂದು: 13 ಪೌಂಡು ದಾಟಿದ ಬಾಸ್ ಸಿಕ್ಕಿದರೆ ಚಳಿಗಾಲದ ಕೊನೆಯಲ್ಲಿ ಇಲಾಖೆಯವರೇ ಬಂದು ಜೀವಂತವಾಗಿ ಒಯ್ದು ತಳಿ ಎತ್ತಿಸುತ್ತಾರೆ. ಷೇರ್‌ಲಂಕರ್ ಎಂಬ ಆ ಯೋಜನೆ 1986ರಿಂದ ನಡೆದಿದೆ. ನಮ್ಮಲ್ಲಿ ಹೆಣ್ಣು ಮಗುವನ್ನು ತವರಿಗೆ ಬಾಣಂತನಕ್ಕೆ ಕಳಿಸಿದ ಹಾಗೆ.

ತುಂಗೆಯ ದಡ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ದಾರ ಬದಲಿಸಿದೆ. ಡಬ್ಬಿಯನ್ನು ಅಟ್ಟಕ್ಕೆ ಹಾಕಿದವಳು ಹೆಂಡತಿ, ಬಹಳ ಖುಷಿಯಿಂದ. ಹಸಿರುಗಪ್ಪು ಹುಳುವಿನ ಒಂದು ಪೊಟ್ಟಣ, ಉಂಗುರ, ಕೊಕ್ಕೆ, ಇಷ್ಟೇ ಜೇಬಿನಲ್ಲಿ. ದೋಣಿಕಟ್ಟೆಯ ಪಕ್ಕದ ಐವತ್ತು ಗಜ ಕಲ್ಲು ದಡ, ಅದು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮೊದಲ ಎರಡು ಬೆಳಗು ಏನೂ ಇಲ್ಲ. ಮೂರನೆಯ ದಿನ ಮೂರು ಮರಿ. ಆದರೆ ಮೂರನ್ನೂ ದಾರ ನೋಡಿಯೇ ಹಿಡಿದದ್ದು. ಕೈಗೆ ಏನೂ ಗೊತ್ತಾಗಲಿಲ್ಲ. ಕಳೆದ ಒಂದು ವರ್ಷದಲ್ಲಿ ಎಷ್ಟು ಕಳೆದುಕೊಂಡಿರಬಹುದೆಂದು ಅಂದು ಲೆಕ್ಕ ಹಾಕುತ್ತ ಕುಳಿತೆ.

ಕಳೆದ ಭಾನುವಾರ ಐದೂಮುಕ್ಕಾಲು. ಇನ್ನೂ ಮಸುಕು. ಕಟ್ಟೆಯ ಕೊನೆಯ ಕಂಬದ ಪಕ್ಕಕ್ಕೆ ಹುಳು ಬಿತ್ತು. ಹಳದಿ ದಾರ ಒಂದು, ಎರಡು, ಮೂರು ಸುರುಳಿ ಬಿಚ್ಚಿ ಒಳಗೆ ಹೋಯಿತು. ನಾಲ್ಕನೆಯದು ಬಿಚ್ಚಲಿಲ್ಲ. ಹಾಗೇ ನೀರಿನ ಮೇಲೆ ಕುಳಿತಿತು. ಕಟ್ಟೆಯ ಅಡಿಗಲ್ಲಿಗೆ ತಾಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಆ ಸುರುಳಿ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಕಂಬದ ಕಡೆಗೆ ನಡೆಯತೊಡಗಿತು. ಕೋಲು ತಗ್ಗಿಸಿ ಎರಡು ಸುತ್ತು ಸುತ್ತಿದೆ. ಎಳೆದಾಗ ಕಲ್ಲನ್ನು ಎಳೆದಂತಾಯಿತು. ಆಮೇಲೆ ಆ ಕಲ್ಲು ತಲೆ ಕೊಡವಿತು.

ಅದು ಕಂಬ ಸುತ್ತದಂತೆ ತಡೆದದ್ದು ಹೇಗೆಂದು ಈಗ ಕೇಳಿದರೆ ಹೇಳಲಾರೆ. ಒಮ್ಮೆ ಪೂರ್ತಿ ನೀರಿನಿಂದ ಮೇಲೆ ಹಾರಿ, ಬಾಯಿ ಅಗಲಿಸಿ, ಕಿವಿರು ಕೊಡವಿತು. ಹುಳು ಕಿತ್ತು ದಾರದ ಮೇಲೆ ಒಂದು ಅಡಿ ಜಾರಿತ್ತು. ದಡಕ್ಕೆ ಬಂದಾಗ ಕೈ ಒದ್ದೆ ಮಾಡಿಕೊಂಡು, ಕೆಳದವಡೆಗೆ ಹೆಬ್ಬೆರಳು ಕೊಟ್ಟು, ಇನ್ನೊಂದು ಕೈಯಲ್ಲಿ ಹೊಟ್ಟೆಗೆ ಆಸರೆ ಕೊಟ್ಟು ಎತ್ತಿದೆ. 4 ಪೌಂಡ್ 2 ಔನ್ಸ್. ಫೋಟೊ ತೆಗೆದೆ, ಕೈ ನಡುಗಿ ಮೀನಿನ ಬಾಲವೂ ನನ್ನ ಗಡ್ಡದ ಅರ್ಧವೂ ಬಂದಿದೆ. ನೀರಿನಲ್ಲಿ ಹಿಡಿದುಕೊಂಡಿದ್ದೆ, ಒಂದು ಕ್ಷಣ ಸುಮ್ಮನಿದ್ದು ನನ್ನ ಮುಖಕ್ಕೆ ನೀರು ಚಿಮ್ಮಿ ಹೋಯಿತು.

ಸಾರು ಪ್ರಿಯರೇ, ಈ ಸಲ ಅಳತೆ ಇತ್ತು. ಆದರೂ ಬಿಟ್ಟೆ. ಯಾಕೆಂದು ಕೇಳಬೇಡಿ.

ಸಾರು ಪ್ರಿಯ

ಕೇಳುವುದಿಲ್ಲ. ನಾಲ್ಕು ಪೌಂಡಿನದು ಹೇಗೂ ಅಷ್ಟು ರುಚಿ ಇರುವುದಿಲ್ಲ.

ಮಹಾಸರೋವರ

ನಾಲ್ಕನೆಯ ಸುರುಳಿ! ಅಭಿನಂದನೆಗಳು. ಹರಿದ ಹುಳುಗಳನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಂಡು ಬನ್ನಿ. ಅವು ಕರಗುವುದಿಲ್ಲ, ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತವೆ.

ಕಬಿನಿ ಮೇಷ್ಟ್ರು

ಇದನ್ನು ಓದಿ ನಿನ್ನೆ ನಾನೂ ದಾರ ನೋಡುತ್ತ ಕೊರವನಿಗೆ ಕುಳಿತೆ. ಕಪ್ಪೆಯನ್ನು ಆಮೆ ಒಯ್ದಿತು.

ಕಾಯಕ್ ಕುಮಾರ

ತುಂಗೆಯವರೇ, ನನ್ನದು ಎರಡು ಆಸನದ ಕಾಯಕ್. ಶನಿವಾರ ಫೋರ್ಕ್‌ಗೆ ಹೊರಡುತ್ತಿದ್ದೇನೆ, ಬೆಳಗಿನ ಮೂರೂವರೆಗೆ ನಿಮ್ಮ ಮನೆಯ ಹತ್ತಿರ ಬರಲೇ? ಲೂಯಿಸ್‌ವಿಲ್‌ನಲ್ಲಿ ದೋಣಿಗೆ ಅಂಟಿಕೊಂಡು ಬೇರೆ ನೀರಿಗೂ ಹರಡುವ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ ಇರುವುದರಿಂದ ಕಾಯಕ್ ತೊಳೆದು ಒಣಗಿಸಿಟ್ಟಿದ್ದೇನೆ, ನಿಮ್ಮ ಬೂಟನ್ನೂ ಒಣಗಿಸಿ ತನ್ನಿ. ಫ್ಲಾಸ್ಕಿನಲ್ಲಿ ಕಾಫಿ ನನ್ನದು. ಹುಳು ಒಂದು ಪೊಟ್ಟಣ ಸಾಕು.

ತುಂಗೆಯ ದಡ

ಮೂರೂಕಾಲಿಗೇ ಗೇಟಿನ ಹತ್ತಿರ ನಿಂತಿರುತ್ತೇನೆ. ಎರಡು ಪೊಟ್ಟಣ ತರಬಹುದೇ?